ಎರೆಹೊಲದ ಜೋಳವೂ ನಮ್ಮ ವಿಶ್ವಾಸವೂ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಅಂಕ ಹಾಕುವುದು ದಿನನಿತ್ಯದ ಕೆಲಸವಾಗಿತ್ತು. ಕಿರುಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆ, ವಾರ್ಷಿಕ ಪರೀಕ್ಷೆ ಎಂದು ವರ್ಷದಲ್ಲಿ ಹಲವು ಸಲ ಮಗು ಎಲ್ಲಿಗೆ ಬಂದು ಮುಟ್ಟಿದೆಯೆಂಬುದನ್ನು ಕೆಂಪು ಶಾಯಿಯಲ್ಲಿ ಬರೆದು ಕೊಡುತ್ತಿದ್ದೆವು. ಬಿ.ಎಡ್. ಓದುವಾಗ ಮೌಲ್ಯಮಾಪನವೆಂಬುದನ್ನೇ ಒಂದು ಪ್ರತ್ಯೇಕ ಪಾಠವಾಗಿ ನಮಗೆ ಹೇಳಿಕೊಟ್ಟಿದ್ದರು. ಆದರೆ ಮನುಷ್ಯನು ದೇವರ ಸನ್ನಿಧಿಯಲ್ಲಿ ಎಷ್ಟು ಬೆಳೆದನೆಂಬುದಕ್ಕೆ ಅಂಥ ಪ್ರಗತಿಪತ್ರ ಯಾವುದೂ ಇಲ್ಲ. ಅದು ಇಲ್ಲದಿರುವುದೇ ಅನೇಕ ಪ್ರಾಮಾಣಿಕ ಭಕ್ತರಿಗೆ ಸಂಕಟವಾಗಿದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೀರ್ಘವಾದ ಪತ್ರವೊಂದನ್ನು ಬರೆದಿದ್ದನು. ಅವನ ಹೆಸರು ಬೇಡ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಈಗ ಅವನಿಗೆ ನಲವತ್ತು ದಾಟಿದೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಅವನ ತಂದೆ ಕುಡಿತಕ್ಕೆ ಬಿದ್ದವರು. ಒಂಬತ್ತನೆಯ ತರಗತಿಯಲ್ಲಿ ಎಷ್ಟೋ ದಿನ ಅವನು ಹಸಿದುಕೊಂಡೇ ಶಾಲೆಗೆ ಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ಹದಿನೆಂಟರ ವಯಸ್ಸಿನಲ್ಲಿ ಅವನು ತಾನಾಗಿ ನಿಶ್ಚಯಿಸಿ ಯೇಸುಸ್ವಾಮಿಗೆ ತನ್ನನ್ನು ಒಪ್ಪಿಸಿಕೊಂಡನು. ಅಂದಿನಿಂದ ಅವನ ಪ್ರಾರ್ಥನೆ ಒಂದೇ: ತಂದೆಯನ್ನು ಕ್ಷಮಿಸುವ ಮನಸ್ಸನ್ನು ದೇವರು ಕೊಡಬೇಕು. ಇಪ್ಪತ್ತು ವರ್ಷಗಳ ಮೇಲಾದರೂ ತಂದೆಯ ಮುಖ ಕಂಡೊಡನೆ ಎದೆ ಬಿಗಿಯುತ್ತದೆಯೆಂದು ಅವನು ಬರೆದಿದ್ದನು. “ಸಾಕ್ಷಿಕೂಟದಲ್ಲಿ ಒಬ್ಬೊಬ್ಬರು ಒಂದೇ ರಾತ್ರಿಯಲ್ಲಿ ತಾವು ಬದಲಾದ ಬಗೆಯನ್ನು ಹೇಳುತ್ತಾರೆ, ಸರ್. ನಾನು ಮಾತ್ರ ಇದ್ದಲ್ಲಿಯೇ ಇದ್ದೇನೆ. ನನ್ನ ವಿಶ್ವಾಸವೇ ಸುಳ್ಳೇನೋ. ಮೂರು ತಿಂಗಳಿಂದ ಕರ್ತನ ಭೋಜನಕ್ಕೆ ಏಳುವುದನ್ನು ಬಿಟ್ಟಿದ್ದೇನೆ. ಸಭೆಗೆ ಹೋಗುವುದನ್ನೂ ಬಿಟ್ಟುಬಿಟ್ಟರೆ ಪ್ರಾಮಾಣಿಕತೆಯಾದರೂ ಉಳಿದೀತು ಅನ್ನಿಸುತ್ತದೆ” ಎಂಬುದು ಪತ್ರದ ಕೊನೆಯ ಮಾತು.

ಇದನ್ನು ಓದಿ ಎರಡು ದಿನ ನಾನು ಉತ್ತರ ಬರೆಯಲಿಲ್ಲ. ಇದು ಅವನೊಬ್ಬನ ಪ್ರಶ್ನೆಯಲ್ಲವೆಂದು ನನಗೆ ಗೊತ್ತಿತ್ತು. ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಇದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಆಡಿದವರು ಹಲವರಿದ್ದಾರೆ. ಆದುದರಿಂದ ಅವನಿಗೆ ಬರೆದುದರ ಸಾರವನ್ನು ಸ್ವಲ್ಪ ವಿಸ್ತರಿಸಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಯೇಸುಸ್ವಾಮಿಯು ಹೇಳಿದ ಒಂದು ಸಾಮ್ಯವು ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಮಾತ್ರ ಸಿಕ್ಕುತ್ತದೆ. ಉಳಿದ ಮೂರು ಸುವಾರ್ತೆಗಳಲ್ಲಿ ಇಲ್ಲ. ಒಬ್ಬ ಒಕ್ಕಲಿಗನು ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆಂಬುದು ಅವನಿಗೆ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಅನಂತರ ತೆನೆಯ ತುಂಬ ಕಾಳು. ಭೂಮಿ ತಾನಾಗಿಯೇ ಬೆಳೆಯಿಸುತ್ತದೆಂದು ಹೇಳುವಲ್ಲಿ ಗ್ರೀಕ್ ಮೂಲದಲ್ಲಿ ಬಂದಿರುವ ಪದವೂ ನಾವು ಇಂದು ಬಳಸುವ ‘ಆಟೋಮ್ಯಾಟಿಕ್’ ಎಂಬ ಪದವೂ ಒಂದೇ ಬೇರಿನವು. ಈ ಸಾಮ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಕ್ಕಲಿಗನ ಅಜ್ಞಾನ. ಅವನು ಆಲಸಿಯಲ್ಲ; ಬಿತ್ತಿದವನು ಅವನೇ, ಕುಡುಗೋಲು ಹಾಕುವವನೂ ಅವನೇ. ಆದರೂ ನಡುವಿನ ಬೆಳವಣಿಗೆ ಅವನ ಕೈಯಲ್ಲೂ ಇಲ್ಲ, ಕಣ್ಣಿಗೂ ಕಾಣಿಸದು. ಕರ್ತನು ಅದನ್ನು ಅವನ ತಪ್ಪೆಂದು ಎಣಿಸಲಿಲ್ಲ.

ನಮ್ಮ ಗದಗ ಸೀಮೆಯವರಿಗೆ ಈ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಂದೆಯವರಿಗೆ ನಾಲ್ಕು ಎಕರೆ ಎರೆಹೊಲವಿತ್ತು. ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನ ಸುಮಾರಿಗೆ ಬಿತ್ತುತ್ತಾರೆ. ಕೊಯ್ಲು ಬರುವುದು ಫೆಬ್ರವರಿಯ ಹೊತ್ತಿಗೆ. ನಡುವಿನ ನಾಲ್ಕು ತಿಂಗಳಲ್ಲಿ ಆಕಾಶದಿಂದ ಬೀಳುವ ನೀರು ಬಹಳ ಕಡಿಮೆ. ಹೊಸಬರು ನೋಡಿದರೆ ಈ ಒಣನೆಲದಲ್ಲಿ ಬೆಳೆ ಹೇಗೆ ಬದುಕೀತೆಂದು ಬೆರಗಾಗುತ್ತಾರೆ. ಗುಟ್ಟು ಮಣ್ಣಿನಲ್ಲಿದೆ. ಎರೆಮಣ್ಣು ಮಳೆಗಾಲದ ನೀರನ್ನು ಕುಡಿದು ತನ್ನ ಆಳದಲ್ಲಿ ಹಿಡಿದಿಟ್ಟಿರುತ್ತದೆ. ಮೇಲ್ಪದರ ಒಣಗಿದಂತೆಲ್ಲ ಜೋಳದ ಬೇರು ಆ ತೇವವನ್ನು ಅರಸಿ ಕೆಳಕೆಳಗೆ ಇಳಿಯುತ್ತದೆ. ಮೇಲೆ ಏನೂ ನಡೆಯದಂತೆ ತೋರುವ ದಿನಗಳಲ್ಲಿ ಕೆಳಗೆ ಕೆಲಸ ನಡೆದಿರುತ್ತದೆ.

ಹಾಗಾದರೆ ರೈತನಿಗೆ ಕೆಲಸವಿಲ್ಲವೇ? ಇದೆ. ಎರೆಭೂಮಿ ಒಣಗಿದಾಗ ಬಿರುಕು ಬಿಡುತ್ತದೆ. ಆ ಬಿರುಕುಗಳ ಮೂಲಕ ಆಳದ ತೇವ ಆರಿಹೋಗುತ್ತದೆ. ಅದಕ್ಕಾಗಿ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿ ಬಿರುಕು ಮುಚ್ಚುತ್ತಾರೆ; ಕಳೆಯೂ ಹೋಗುತ್ತದೆ. ಎಡೆ ಹೊಡೆದ ಮಾತ್ರಕ್ಕೆ ಜೋಳ ಒಂದು ಗೇಣು ಬೆಳೆಯುವುದಿಲ್ಲ. ಒಳಗಿರುವ ತೇವ ಸೋರಿಹೋಗದಂತೆ ಕಾಯುವುದಷ್ಟೇ ಅದರ ಕೆಲಸ. ನಮ್ಮ ಪ್ರಾರ್ಥನೆ, ಸತ್ಯವೇದ ಪಾರಾಯಣ, ಸಭೆಯ ಸಹವಾಸ, ಕರ್ತನ ಭೋಜನ ಇವೆಲ್ಲ ನನ್ನ ದೃಷ್ಟಿಯಲ್ಲಿ ಎಡೆಕುಂಟೆಯಂಥವು. ಅವುಗಳಿಂದ ನಾವೇ ನಮ್ಮನ್ನು ಬೆಳೆಯಿಸಿಕೊಳ್ಳಲಾರೆವು. ಬೆಳೆಯಿಸುವವನು ದೇವರು. ಆದರೆ ಅವನು ಕೊಟ್ಟ ಮಳೆಯನ್ನು ಬಿರುಕಿಗೆ ಬಿಡದೆ ಕಾಯುವುದು ನಮ್ಮ ಪಾಲಿನ ಕೆಲಸ. ಬೆಳೆ ಕಾಣಿಸುತ್ತಿಲ್ಲವೆಂದು ಎಡೆ ಹೊಡೆಯುವುದನ್ನೇ ನಿಲ್ಲಿಸುವ ರೈತನನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ.

ಸತ್ಯವೇದದ ದೊಡ್ಡವರೆಲ್ಲ ಒಂದೇ ಜಿಗಿತಕ್ಕೆ ಬೆಳೆದವರೆಂಬ ಭಾವನೆ ನಮ್ಮಲ್ಲಿದೆ. ಓದಿ ನೋಡಿದರೆ ಹಾಗಿಲ್ಲ. ದಮಸ್ಕದ ದಾರಿಯಲ್ಲಿ ಕ್ಷಣಮಾತ್ರದಲ್ಲಿ ಬದಲಾದ ಪೌಲನನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಅವನೇ ತನ್ನ ಲೆಕ್ಕ ಕೊಟ್ಟಿದ್ದಾನೆ: ಅರಬಿ ದೇಶಕ್ಕೆ ಹೋದದ್ದು, ದಮಸ್ಕಕ್ಕೆ ಹಿಂದಿರುಗಿದ್ದು, ಮೂರು ವರ್ಷವಾದ ಮೇಲೆ ಯೆರೂಸಲೇಮಿನಲ್ಲಿ ಹದಿನೈದು ದಿನ ಪೇತ್ರನೊಂದಿಗೆ ಇದ್ದದ್ದು, ಹದಿನಾಲ್ಕು ವರ್ಷಗಳ ನಂತರ ಪುನಃ ಅಲ್ಲಿಗೆ ಹೋದದ್ದು. ಆ ವರ್ಷಗಳ ಕುರಿತು ನಮಗೆ ತಿಳಿದಿರುವುದು ಅತ್ಯಲ್ಪ.

ಪೇತ್ರನದು ಇನ್ನೂ ಸಮೀಪದ ಉದಾಹರಣೆ. ಯೊಪ್ಪದಲ್ಲಿ ದರ್ಶನ ಕಂಡು, ಕೊರ್ನೇಲ್ಯನ ಮನೆಗೆ ಹೋಗಿ, ದೇವರು ಪಕ್ಷಪಾತಿಯಲ್ಲವೆಂದು ಕಲಿತವನು ಅವನೇ. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಊಟ ಮಾಡುತ್ತಿದ್ದು, ಕೆಲವರು ಬಂದಾಗ ಹೆದರಿ ಹಿಂದೆ ಸರಿದವನೂ ಅವನೇ. ಕಲಿತ ಪಾಠವನ್ನೇ ಮತ್ತೊಮ್ಮೆ ಕಲಿಯಬೇಕಾಯಿತು. ಹೀಗಿದ್ದೂ ಕರ್ತನು ಅವನನ್ನು ಕೈಬಿಡಲಿಲ್ಲ. ಜೋಳ ಬಲಿಯುವ ಮೊದಲೇ ಎಳೆಯ ತೆನೆ ಸುಟ್ಟು ಸೀತನಿ ತಿನ್ನುತ್ತೇವಲ್ಲ! ಬಲಿಯದ ಕಾಳಿಗೂ ಹಸಿವು ಹಿಂಗಿಸುವ ಶಕ್ತಿಯಿದೆ. ಪೂರ್ತಿ ಮಾಗದ ಮನುಷ್ಯರಿಂದಲೂ ದೇವರು ಇತರರಿಗೆ ಉಣಬಡಿಸುತ್ತಾನೆ.

ನಮ್ಮ ಕಾಲಕ್ಕೆ ಹತ್ತಿರದವರನ್ನೂ ನೆನೆಯಬಹುದು. ಕಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಬರೆದಿದ್ದ ಪತ್ರಗಳು 2007ರಲ್ಲಿ ‘ಕಮ್ ಬಿ ಮೈ ಲೈಟ್’ ಎಂಬ ಪುಸ್ತಕವಾಗಿ ಹೊರಬಂದಾಗ ಜಗತ್ತು ಬೆರಗಾಯಿತು. ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ಉಪಚರಿಸಿದ ಆ ತಾಯಿಗೆ ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಆಗಿರಲಿಲ್ಲ. ಒಳಗೆ ಕತ್ತಲೆ, ಹೊರಗೆ ಸೇವೆ. ಕೆಲವರು ಇದನ್ನು ಅವಿಶ್ವಾಸವೆಂದು ಟೀಕಿಸಿದರು. ನನಗೆ ಅದು ಹಿಂಗಾರಿ ಬೆಳೆಯಂತೆ ಕಾಣುತ್ತದೆ. ನಾವು ಪ್ರಾಟೆಸ್ಟೆಂಟರಾದರೂ ಈ ಪತ್ರಗಳಿಂದ ಕಲಿಯಬೇಕಾದದ್ದಿದೆ: ಬೆಳವಣಿಗೆಯ ಅನುಭವವೇ ಬೇರೆ, ಬೆಳವಣಿಗೆಯೇ ಬೇರೆ.

ನನ್ನ ಸ್ವಂತ ಮಾತನ್ನೂ ಒಂದಿಷ್ಟು ಹೇಳುತ್ತೇನೆ. 2019ರಲ್ಲಿ ನನ್ನ ಪತ್ನಿಯು ಕರ್ತನಲ್ಲಿ ನಿದ್ರೆಹೋದಳು. ಆ ಬಳಿಕ ಸುಮಾರು ಎರಡು ವರ್ಷ ನನ್ನ ಪ್ರಾರ್ಥನೆಗೆ ಸ್ವಾದವೇ ಇರಲಿಲ್ಲ. ದಿನವೂ ಬೆಳಿಗ್ಗೆ ದೊಡ್ಡಕ್ಷರದ ಸತ್ಯವೇದ ತೆರೆದು ಒಂದು ಕೀರ್ತನೆ ಓದುತ್ತಿದ್ದೆ. ಗೋಡೆಗೆ ಓದಿ ಹೇಳಿದಂತೆ ಇರುತ್ತಿತ್ತು. ಆಗ ನನ್ನನ್ನು ಉಳಿಸಿದ್ದು ಹೊಸದಾದ ಯಾವ ಅನುಭವವೂ ಅಲ್ಲ. ಬಾಲ್ಯದಲ್ಲಿ ನಮ್ಮ ತಾಯಿಯವರು ಒಲೆಯ ಮುಂದೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದ ಕೀರ್ತನೆಗಳು ನಿದ್ದೆ ಬಾರದ ರಾತ್ರಿಗಳಲ್ಲಿ ತಾವಾಗಿ ನಾಲಗೆಗೆ ಬರುತ್ತಿದ್ದವು. ಅರವತ್ತು ವರ್ಷದ ಹಿಂದೆ ಬಿದ್ದ ಮಳೆ ಅದು! ಎಷ್ಟೋ ದಿನಗಳಾದ ಮೇಲೆ, ಮಗನನ್ನು ಕಳೆದುಕೊಂಡಿದ್ದ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿ ಒಂದು ತಾಸು ಅವರ ಬಳಿ ಕುಳಿತು ಬಂದೆನು. ಸಮಾಧಾನದ ಮಾತೊಂದನ್ನೂ ಆಡಿರಲಿಲ್ಲ. ವಾರದ ನಂತರ ಅವರು ಫೋನ್ ಮಾಡಿ, “ಗುರುಗಳೇ, ಆ ದಿನ ನೀವು ಸುಮ್ಮನೆ ಕೂತಿದ್ದಿರಲ್ಲ, ಅದರಿಂದ ನನಗೆ ಉಸಿರಾಡಲಿಕ್ಕೆ ಆಯಿತು” ಎಂದರು. ಜೀವಮಾನವೆಲ್ಲ ಮಾತಾಡಿಯೇ ಬದುಕಿದ ಮೇಷ್ಟರಿಗೆ ಸುಮ್ಮನೆ ಕೂರುವುದು ಯಾವಾಗ ಬಂದಿತೋ ನನಗೆ ತಿಳಿಯದು. ಬಂದದ್ದನ್ನು ಕಂಡವರು ಅವರು.

ಇದನ್ನೇ ಆ ವಿದ್ಯಾರ್ಥಿಗೂ ಬರೆದೆನು. “ಒಂಬತ್ತನೆಯ ತರಗತಿಯಲ್ಲಿ ನೀನು ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲಿಕ್ಕೂ ಒಪ್ಪದೆ ಆ ಜಾಗವನ್ನು ಖಾಲಿ ಬಿಟ್ಟಿದ್ದೆ, ನಾನೇ ತುಂಬಿಸಿದ್ದೆ. ಈಗ ನಿನ್ನ ಪತ್ರದಲ್ಲಿಯೇ ಒಂದು ಮೂಲೆಯಲ್ಲಿ ಬರೆದಿದ್ದೀಯೆ, ಪ್ರತಿ ತಿಂಗಳು ಅವರ ಔಷಧಕ್ಕೆ ಹಣ ಕಳಿಸುತ್ತೇನೆ, ಭಾನುವಾರ ಫೋನ್ ಮಾಡುತ್ತೇನೆ, ಕಣ್ಣಿನ ಶಸ್ತ್ರಚಿಕಿತ್ಸೆಗೆ ರಜೆ ಹಾಕಿ ಊರಿಗೆ ಹೋಗಿದ್ದೆ ಎಂದು. ಇದನ್ನು ನೀನು ಕರ್ತವ್ಯದ ಲೆಕ್ಕಕ್ಕೆ ಬರೆದುಕೊಂಡಿದ್ದೀಯೆ. ಎದೆ ಬಿಗಿದಿದ್ದರೂ ಕೈ ಚಾಚಿಯೇ ಇದೆಯಲ್ಲ, ಆ ಕೈಯನ್ನು ಚಾಚಿಸಿದವರು ಯಾರೆಂದು ಯೋಚಿಸು. ಗರಿ ಬಂದಿದೆ, ತೆನೆಯೂ ಇಣುಕಿದೆ. ಕಾಳು ಗಟ್ಟಿಯಾಗುವುದಕ್ಕೆ ಕಾಲ ಬೇಕು. ಕರ್ತನ ಮೇಜು ಬಲಿತವರಿಗೆ ಕೊಡುವ ಬಹುಮಾನವಲ್ಲ. ಹಸಿದವರಿಗೆ ಇಟ್ಟ ಊಟ. ಹಸಿದು ಶಾಲೆಗೆ ಬರುತ್ತಿದ್ದ ನಿನಗೆ ಇದನ್ನು ನಾನು ಹೇಳಬೇಕೇ?”

ಹಾಗೆಂದು ಎಲ್ಲ ನಿಧಾನವೂ ಒಂದೇ ಬಗೆಯದೆಂದು ತಿಳಿಯಬಾರದು. ಬಿತ್ತುವವನ ಸಾಮ್ಯದಲ್ಲಿ ಮುಳ್ಳುಗಿಡಗಳ ಮಾತು ಬರುತ್ತದೆ. ಲೋಕದ ಚಿಂತೆಯೂ ಐಶ್ವರ್ಯದ ವ್ಯಾಮೋಹವೂ ಪೈರನ್ನು ಅಡಗಿಸಿಬಿಡುತ್ತವೆ. ಬೆಳೆ ನಿಧಾನವಾಗಿದೆಯೋ ಕಳೆ ಮುಚ್ಚಿದೆಯೋ ಎಂದು ಆಗಾಗ ಹೊಲಕ್ಕೆ ಹೋಗಿ ನೋಡಬೇಕಾಗುತ್ತದೆ. ಇದಕ್ಕೆ ನಾನು ಕಂಡುಕೊಂಡಿರುವ ಗುರುತು ಒಂದು. ಬೆಳೆಯಲಿಲ್ಲವೆಂದು ನೋಯುವವನಲ್ಲಿ ಬೇರು ಜೀವಂತವಾಗಿದೆ. ಕಳೆ ಮುಚ್ಚಿದವನಿಗೆ ಸಾಮಾನ್ಯವಾಗಿ ಆ ನೋವೂ ಇರುವುದಿಲ್ಲ.

ದಿನದ ಕೆಲಸ ಚಿಕ್ಕದಿರಲಿ. ಕನ್ನಡ ಮೇಷ್ಟರಾದ ನನಗೆ ಇಲ್ಲಿ ಕಿಟ್ಟೆಲ್ ಅವರ ನೆನಪು ಬರುವುದು ಸಹಜ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಯಾವ ಒಂದು ಸಂಜೆಗೂ ದೊಡ್ಡ ಪಾಲಿರಲಾರದು. ಅದರಂತೆಯೇ ದಿನಕ್ಕೆ ಒಂದು ಸುವಾರ್ತೆಯ ಕೆಲವೇ ವಚನಗಳು, ಒಬ್ಬ ಕಷ್ಟದ ಮನುಷ್ಯನಿಗಾಗಿ ಒಂದು ಸಣ್ಣ ಪ್ರಾರ್ಥನೆ, ಬಾಯಿಗೆ ಬಂದ ಒಂದು ಕಟುಮಾತನ್ನು ನುಂಗುವುದು, ಇಷ್ಟು ಸಾಕು. ನಿಮ್ಮನ್ನು ಇತರರ ಸಾಕ್ಷಿಯೊಂದಿಗೆ ಹೋಲಿಸಿಕೊಳ್ಳಬೇಡಿ. ಮುಂಗಾರಿ ಹೆಸರು ಎರಡು ತಿಂಗಳಲ್ಲಿ ಕೈಗೆ ಬಂತೆಂದು ಹಿಂಗಾರಿ ಜೋಳ ನಾಚಬೇಕಾಗಿಲ್ಲ. ಅಳೆಯಲೇಬೇಕೆಂದರೆ ನಿನ್ನೆಗೂ ಇಂದಿಗೂ ಅಳೆಯದೆ, ಹತ್ತು ವರ್ಷಕ್ಕೊಮ್ಮೆ ಅಳೆಯಿರಿ. ಅದನ್ನೂ ನಿಮ್ಮನ್ನು ಬಲ್ಲ ಒಬ್ಬರಿಂದ ಕೇಳಿ ತಿಳಿಯಿರಿ.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರವೊಂದಿದೆ. ಯಜಮಾನನು ಅದನ್ನು ಕಡಿದುಹಾಕೆನ್ನುತ್ತಾನೆ. ತೋಟಗಾರನು ಇದೊಂದು ವರ್ಷ ಇರಲಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆಂದು ಬೇಡಿಕೊಳ್ಳುತ್ತಾನೆ. ಮರ ಆಮೇಲೆ ಹಣ್ಣು ಬಿಟ್ಟಿತೋ ಇಲ್ಲವೋ ಎಂಬುದನ್ನು ಕರ್ತನು ಹೇಳದೆ ಬಿಟ್ಟಿದ್ದಾನೆ. ಆ ಮರಕ್ಕೆ ತನ್ನ ಪರವಾಗಿ ಬೇಡಿದವನೊಬ್ಬನಿದ್ದಾನೆಂಬುದು ಗೊತ್ತಿರಲಿಕ್ಕಿಲ್ಲ, ನಮಗೆ ಗೊತ್ತಿದೆ. ಆ ತೋಟಗಾರನ ಕೈಯಲ್ಲಿ ಸನಿಕೆ ಇನ್ನೂ ಇದೆಯೆಂಬ ಧೈರ್ಯ ನಿಮ್ಮೆಲ್ಲರಿಗೂ ಇರಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.