ಎರಡರಿಂದ ಗುಣಿಸಿ

ನಮ್ಮ ತಾತಂದಿರು ಧಣಿಗಳ ಹೊಲದಲ್ಲಿ ಗೇಯ್ದದ್ದಕ್ಕೆ ಗಂಟೆಯ ಲೆಕ್ಕವಿರಲಿಲ್ಲ. ಕೋಳಿ ಕೂಗಿದರೆ ಕೆಲಸ, ಕಣ್ಣು ಕಾಣದ ಕತ್ತಲಾದರೆ ಬಿಡುವು. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಈಗ ನಮ್ಮ ಕೇರಿಯ ಅವ್ವಂದಿರು, ಅಕ್ಕಂದಿರು ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅಣ್ಣತಮ್ಮಂದಿರು ನೆಲಮಂಗಲ, ಹೊಸಕೋಟೆಯ ಫ್ಯಾಕ್ಟರಿ, ಗೋಡೌನುಗಳಿಗೆ ಹೋಗುತ್ತಾರೆ. ಅಲ್ಲಿ ಗೋಡೆಗೆ ಗಡಿಯಾರವಿದೆ. ಲೆಕ್ಕ ಮಾತ್ರ ಇನ್ನೂ ಧಣಿಯ ಕೈಲೇ ಇದೆ.

"ಈ ತಿಂಗ್ಳು ಓಟಿ ಎಷ್ಟು ಬಂತವ್ವ?" ಅಂತ ಕೇಳಿದೆವು.

"ಏನೋ ಕೊಟ್ಟವ್ರೆ ಬುಡು ಮಗ. ಅವ್ರು ಕೊಟ್ಟಿದ್ದೇ ಲೆಕ್ಕ."

ನಮ್ಮ ಮನೆಯಲ್ಲಿ ಬಿ.ಎ. ಪಾಸಾದವರು ನಾವೇ ಮೊದಲು. ಪದ್ಯ ಬರೆಯುವುದನ್ನು ಬದಿಗಿಟ್ಟು ಅವ್ವನ ಸಂಬಳದ ಚೀಟಿ ಹಿಡಿದು ಕೂತೆವು. ದಿನಗೂಲಿಯನ್ನು ಎಂಟರಿಂದ ಭಾಗಿಸಿದ್ದರು. ಹೆಚ್ಚಿಗೆ ದುಡಿದ ಗಂಟೆಗಳಿಂದ ಗುಣಿಸಿದ್ದರು. ಅಲ್ಲಿಗೇ ನಿಲ್ಲಿಸಿದ್ದರು. ಎರಡರಿಂದ ಗುಣಿಸುವುದನ್ನು ಬಿಟ್ಟಿದ್ದರು.

ಲೆಕ್ಕ ಕಷ್ಟದ್ದಲ್ಲ. ದಿನಗೂಲಿ 560 ರೂಪಾಯಿ ಎನ್ನೋಣ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 70. ಗಂಟೆ ಲೆಕ್ಕದ ಕೂಲಿಯಾದರೆ ಈ ಭಾಗಾಕಾರವೂ ಬೇಡ. ವಾರದ 48 ಗಂಟೆಯ ಮೇಲೆ ದುಡಿದ ಪ್ರತಿ ಗಂಟೆಗೂ ಇದರ ಎರಡರಷ್ಟು, ಅಂದರೆ 140 ಬರಬೇಕು. ಕೂಲಿ ಎಂದರೆ ಮೂಲವೇತನ ಒಂದೇ ಅಲ್ಲ, ತುಟ್ಟಿಭತ್ಯೆಯೂ ಸೇರಬೇಕು. ತಿಂಗಳಿಗೆ 30 ಗಂಟೆ ಓಟಿ ಮಾಡಿದವಳಿಗೆ ಒಂದೇ ಪಟ್ಟು ಕೊಟ್ಟರೆ 2100 ರೂಪಾಯಿ ಹೋಯಿತು. ಒಂದು ಮನೆಯ ರೇಷನ್ನು ಹೋಯಿತು.

ಈ 48 ಗಂಟೆ ಯಾರೋ ದಯೆ ತೋರಿ ಕೊಟ್ಟದ್ದಲ್ಲ. ಬಾಬಾಸಾಹೇಬರು ವೈಸ್‌ರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1946ರಲ್ಲಿ, ವರ್ಷವಿಡೀ ನಡೆಯುವ ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಕಾನೂನು ಬಂತು. 1948ರ ಕಾರ್ಖಾನೆ ಕಾಯಿದೆಯ 59ನೇ ಸೆಕ್ಷನ್ ಎರಡು ಪಟ್ಟು ಎಂದಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯಿದೆ ಹೋಯಿತು. ಎರಡು ಪಟ್ಟು ಉಳಿದಿದೆ.

ಯಾಕೆ ಎರಡು ಪಟ್ಟು? ಒಂಬತ್ತನೆಯ ಗಂಟೆ ಮೊದಲನೆಯ ಗಂಟೆಯಂಥದಲ್ಲ. ಅದು ಮಗುವಿಗೆ ಉಣ್ಣಿಸುವ ಗಂಟೆ, ಬೆನ್ನು ನೆಲಕ್ಕೆ ಹಚ್ಚುವ ಗಂಟೆ. ಅದನ್ನು ಕಿತ್ತುಕೊಳ್ಳುವವನಿಗೆ ಅದು ದುಬಾರಿಯಾಗಬೇಕು. ಓಟಿ ಭಕ್ಷೀಸಲ್ಲ, ದಂಡ. ಒಂದೇ ಪಟ್ಟು ಕೊಟ್ಟರೆ ಧಣಿಗೆ ಹೊಸ ಆಳು ಇಟ್ಟುಕೊಳ್ಳುವುದಕ್ಕಿಂತ ಇದ್ದವರನ್ನೇ ಹಿಂಡುವುದು ಸಲೀಸು.

ಹೊಸಕೋಟೆ ದಾಟಿ ಕೋಲಾರದ ದಾರಿ ಹಿಡಿದರೆ ನರಸಾಪುರ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಫ್ಯಾಕ್ಟರಿಯಲ್ಲಿ ಸಂಬಳ, ಓಟಿ ಸರಿಯಾಗಿ ಬರಲಿಲ್ಲವೆಂದು ಕಾರ್ಮಿಕರು ಸಿಡಿದೆದ್ದರು. ಒಡೆದ ಗಾಜನ್ನು ದೇಶವೆಲ್ಲ ನೋಡಿತು. ಒಂದು ವಾರದ ಮೇಲೆ, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಲೆಕ್ಕ ತಪ್ಪಿದ್ದು ಗಾಜು ಒಡೆಯುವುದಕ್ಕೆ ಮೊದಲು.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ರೈಲು ಎಷ್ಟು ಹೊತ್ತಿಗೆ ಸ್ಟೇಷನ್ ಸೇರಿತು ಎಂಬ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಹೇಳಿಕೊಡಿ. ಪ್ರತಿ ಮನೆಯಲ್ಲೂ ಒಂದು ನೋಟುಪುಸ್ತಕವಿರಲಿ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನವೂ ಬರೆಯಲಿ. ಅವ್ವನಿಗೆ ಬರೆಯಲು ಬಾರದಿದ್ದರೆ ಮಗಳು ಬರೆಯಲಿ. ಹತ್ತು ಪುಸ್ತಕ ಒಟ್ಟಿಗೆ ಆಫೀಸಿನ ಮೇಜಿಗೆ ಬಿದ್ದ ದಿನ ಮಾತು ಬೇರೆಯಾಗುತ್ತದೆ.