ಪಾಠ ಟಿಪ್ಪಣಿಯಲ್ಲಿ ಇಲ್ಲದ ಉತ್ತರ

ನಾನು ಚನ್ನಗಿರಿ ಸೀಮೆಯವನು. ಸೂಳೆಕೆರೆಯನ್ನು ನೋಡುತ್ತ ಬೆಳೆದವನಿಗೆ ನೀರಿಲ್ಲದ ಕೆರೆಯ ಕಲ್ಪನೆಯೇ ಇರಲಿಲ್ಲ.

1985ರಲ್ಲಿ ಬಿ.ಎಡ್. ಓದುವಾಗ ಅಭ್ಯಾಸ ಬೋಧನೆಗೆಂದು ಜಗಳೂರು ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಪಾಠ: ನೀರಾವರಿ. ರಾತ್ರಿಯೆಲ್ಲ ಕುಳಿತು ಬರೆದ ಪಾಠ ಟಿಪ್ಪಣಿಯಲ್ಲಿ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ನಿರೀಕ್ಷಿತ ಉತ್ತರ.

“ಕೆರೆ ಯಾವಾಗ ತುಂಬುತ್ತದೆ?”

“ನಾನು ಹುಟ್ಟಿದ ಮೇಲೆ ನಮ್ಮೂರ ಕೆರೆ ತುಂಬಿಲ್ಲ ಸಾರ್” ಎಂದ ಒಬ್ಬ ಹುಡುಗ.

ಟಿಪ್ಪಣಿಯಲ್ಲಿದ್ದುದು ‘ಮಳೆಗಾಲದಲ್ಲಿ’. “ತಪ್ಪು, ಕೂತ್ಕೋ” ಎಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿದ್ದ ವೀಕ್ಷಕರು ‘ಸಮಯಪಾಲನೆ ಉತ್ತಮ’ ಎಂದು ಷರಾ ಬರೆದರು. ಆ ಷರಾ ಓದಿ ಹಿಗ್ಗಿದ್ದೂ ನಿಜ! ಹುಡುಗನ ಹೆಸರನ್ನೂ ಕೇಳಲಿಲ್ಲ.

ಆಗ ಬಿ.ಎಡ್. ಒಂದೇ ವರ್ಷದ್ದು. 2015ರಿಂದ ಎರಡು ವರ್ಷವಾಯಿತು. ಎರಡನೆಯ ವರ್ಷದಲ್ಲಿ ಹದಿನಾರು ವಾರ ಶಾಲೆಯಲ್ಲೇ ಇರಬೇಕು. ಹೊನ್ನಾಳಿ, ನ್ಯಾಮತಿಯ ಕಡೆ ನಾನು ಕೆಲಸ ಮಾಡಿದ ಶಾಲೆಗಳಿಗೂ ಪ್ರಶಿಕ್ಷಣಾರ್ಥಿಗಳು ಬರುತ್ತಿದ್ದರು. ಹಿಂದಿನ ಬೆಂಚು ಈಗ ನನ್ನದಾಗಿತ್ತು.

2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಗೆ ನುಗ್ಗಿದ್ದಳು. ಕೆಲವು ತಿಂಗಳ ಬಳಿಕ ಜಗಳೂರಿನ ಪ್ರಶಿಕ್ಷಣಾರ್ಥಿಯೊಬ್ಬಳು ನಮ್ಮ ತರಗತಿಯಲ್ಲಿ ನದಿಯ ಉಪಯೋಗಗಳನ್ನು ಕೇಳಿದಳು.

“ನಮ್ಮನೆಗೇ ಬಂದಿತ್ತು ಮಿಸ್” ಎಂದ ಹುಡುಗ.

ಆಕೆ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲೆ ಮಗುಚಿಟ್ಟು, “ಎಷ್ಟು ಎತ್ತರಕ್ಕಪ್ಪಾ?” ಎಂದು ಕೇಳಿದಳು. ಅವನು ಗೋಡೆಯ ಬಳಿ ಹೋಗಿ ಎದೆಮಟ್ಟಕ್ಕೆ ಕೈಯಿಟ್ಟು ತೋರಿಸಿದ. ಉಳಿದವರೂ ಎದ್ದು ತಮ್ಮ ತಮ್ಮ ಮನೆಯ ಲೆಕ್ಕ ತೋರಿಸತೊಡಗಿದರು.

ಗಂಟೆ ಬಾರಿಸಿದಾಗ ಪಾಠ ಅರ್ಧವೂ ಆಗಿರಲಿಲ್ಲ. ಆಕೆ ಅಳುಕುತ್ತಲೇ ವೀಕ್ಷಣಾ ಪುಸ್ತಕ ಮುಂದಿಟ್ಟಳು. ಸಮಯಪಾಲನೆಯ ಕಾಲಮನ್ನು ಖಾಲಿ ಬಿಟ್ಟು ಸಹಿ ಹಾಕಿದೆ.