ಎರಡು ಅಂಕದ ಧೈರ್ಯ

ಅಮೆರಿಕದವರ ಫುಟ್‌ಬಾಲ್ ನಮ್ಮವರಿಗೆ ಸುಲಭಕ್ಕೆ ಒಗ್ಗುವ ಆಟವಲ್ಲ. ಕಾಲಿಗಿಂತ ಕೈಗೇ ಕೆಲಸ ಹೆಚ್ಚು, ಐದಾರು ಸೆಕೆಂಡು ಆಡಿದರೆ ಅರ್ಧ ನಿಮಿಷ ನಿಂತೇ ಇರುತ್ತಾರೆ. ಆದರೂ ಆ ಆಟದ ಒಂದು ಪಂದ್ಯವನ್ನು ನಾನು ಆಗಾಗ ಹಾಕಿಕೊಂಡು ನೋಡುತ್ತೇನೆ. 2007ರ ಜನವರಿ 1ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ ಫಿಯೆಸ್ಟಾ ಬೌಲ್ ಅದು. ಒಂದು ಕಡೆ ಹೆಸರಾಂತ ಓಕ್ಲಹೋಮ, ಇನ್ನೊಂದು ಕಡೆ ಐಡಹೋ ರಾಜ್ಯದ ಬಾಯ್ಸಿ ಸ್ಟೇಟ್. ಮೈದಾನಕ್ಕೆ ನೀಲಿ ಹಾಸು ಹಾಸಿದ ಕಾಲೇಜು ಎಂಬುದನ್ನು ಬಿಟ್ಟರೆ ಬಾಯ್ಸಿ ಬಗ್ಗೆ ಹೊರಗಿನವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಕಾಲೇಜು ತಂಡಗಳ ಋತು ಮುಗಿದ ಮೇಲೆ ಆಹ್ವಾನ ಕೊಟ್ಟು ಆಡಿಸುವ ಪಂದ್ಯಗಳೇ ಈ ಬೌಲ್‌ಗಳು. ಮೊದಲನೆಯದು ನಡೆದದ್ದು 1902ರ ಹೊಸವರ್ಷದ ದಿನ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ಗುಲಾಬಿ ಉತ್ಸವದ ಅಂಗವಾಗಿ. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಅಷ್ಟು ಏಕಪಕ್ಷೀಯವಾದ ಆಟ ಕಂಡ ಸಂಘಟಕರು ಫುಟ್‌ಬಾಲ್ ಸಹವಾಸವೇ ಬೇಡವೆಂದು ಮುಂದೆ ಹಲವು ವರ್ಷ ರಥದ ಓಟವನ್ನೂ ಏರ್ಪಡಿಸಿದರು! ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ಜಿದ್ದಾಜಿದ್ದಿಯಿಲ್ಲದ ಆಟಕ್ಕೆ ಅವರು ಕೊಟ್ಟ ಆ ಉತ್ತರ ನನಗೆ ಬಹಳ ಸರಿಯೆನಿಸುತ್ತದೆ.

ಗ್ಲೆಂಡೇಲ್‌ನಲ್ಲಿ ಜಿದ್ದಿಗೆ ಕೊರತೆಯಿರಲಿಲ್ಲ. ಬಾಯ್ಸಿ ಒಂದು ಹಂತದಲ್ಲಿ 28-10 ಮುಂದಿತ್ತು. ಓಕ್ಲಹೋಮ ಬೆನ್ನಟ್ಟಿ ಬಂದು ಸಮ ಮಾಡಿತು. ಅದರ ಬೆನ್ನಿಗೇ ಬಾಯ್ಸಿಯ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಜಬ್ರಾನ್ಸ್ಕಿ ಎಸೆದ ಚೆಂಡನ್ನು ಎದುರಾಳಿ ಕಸಿದು ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ; ಅದಕ್ಕೆ ಆರು ಅಂಕ, ನಂತರದ ಕಿಕ್‌ಗೆ ಒಂದು. 35-28, ಉಳಿದದ್ದು ಒಂದೇ ನಿಮಿಷ.

18 ಸೆಕೆಂಡು ಇರುವಾಗ ಬಾಯ್ಸಿಗೆ ಕೊನೆಯ ಸರದಿ, ಚೆಂಡು ಉಳಿಸಿಕೊಳ್ಳಲು ಹೋಗಬೇಕಾದದ್ದು ಕನಿಷ್ಠ 18 ಗಜ. ಜಬ್ರಾನ್ಸ್ಕಿ ಚೆಂಡನ್ನು ಡ್ರಿಸನ್ ಜೇಮ್ಸ್‌ಗೆ ಎಸೆದ. ಹಿಡಿದವನ ಮೇಲೆ ಎದುರಾಳಿಗಳು ಮುಗಿಬಿದ್ದರು. ಅಷ್ಟರಲ್ಲಿ ಅವನು, ಎದುರಿನಿಂದ ಓಡಿಬರುತ್ತಿದ್ದ ಜೆರಾರ್ಡ್ ರ‍್ಯಾಬ್‌ನ ಕೈಗೆ ಚೆಂಡು ದಾಟಿಸಿಬಿಟ್ಟಿದ್ದ. ರ‍್ಯಾಬ್ ಗೆರೆ ದಾಟಿದಾಗ ಉಳಿದದ್ದು 7 ಸೆಕೆಂಡು. ಆಟ ಸಮ.

ಹೆಚ್ಚುವರಿ ಆಟದಲ್ಲಿ ಎರಡೂ ತಂಡಕ್ಕೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಅವಕಾಶ. ಓಕ್ಲಹೋಮದ ಏಡ್ರಿಯನ್ ಪೀಟರ್ಸನ್ ಮೊದಲ ಓಟದಲ್ಲೇ ಅಷ್ಟೂ ದೂರ ನುಗ್ಗಿ ಟಚ್‌ಡೌನ್ ಮಾಡಿದ. ಬಾಯ್ಸಿ ಏದುಸಿರು ಬಿಡುತ್ತಾ ತನ್ನ ಕೊನೆಯ ಸರದಿಯಲ್ಲಿ ಆರು ಅಂಕ ಗಳಿಸಿತು. 42-41. ಕಿಕ್ ಹೊಡೆದರೆ ಹೆಚ್ಚುಕಡಿಮೆ ಖಚಿತವಾದ ಒಂದು ಅಂಕ, ಮತ್ತೆ ಸಮ. ಅದನ್ನು ಬಿಟ್ಟು ಮೂರು ಗಜ ದೂರದಿಂದ ಇನ್ನೊಮ್ಮೆ ಗೆರೆ ದಾಟಿದರೆ ಎರಡು ಅಂಕ, ಪಂದ್ಯವೇ ಕೈಗೆ. ದಾಟದಿದ್ದರೆ ಸೋಲು. ಕೋಚ್ ಕ್ರಿಸ್ ಪೀಟರ್ಸನ್‌ಗೆ ಮುಖ್ಯ ಕೋಚ್ ಆಗಿ ಅದು ಮೊದಲ ವರ್ಷ. ಅವರು ಎರಡನ್ನು ಆರಿಸಿಕೊಂಡರು.

“ಮಾಮ, ಸುಮ್ಮನೆ ಕಿಕ್ ಹೊಡೆದು ಆಟ ಮುಂದುವರಿಸಬಹುದಿತ್ತಲ್ಲ?” ಎನ್ನುತ್ತಾನೆ ನನ್ನ ಅಕ್ಕನ ಮಗ. ಆಗುತ್ತಿರಲಿಲ್ಲ ಕಣೋ. ಆಟ ಬೆಳೆದಷ್ಟೂ ಮೈಬಲ ಹೆಚ್ಚಿದ್ದವರದೇ ಮೇಲುಗೈ. ಒಂದೇ ಓಟಕ್ಕೆ 25 ಗಜ ನುಂಗುವ ಏಡ್ರಿಯನ್ ಪೀಟರ್ಸನ್ ಓಕ್ಲಹೋಮದ ಕಡೆಗಿದ್ದ. ಕಬಡ್ಡಿಯಲ್ಲಿ ಕೊನೆಯ ರೈಡಿಗೆ ಹೋದವನು ಬೋನಸ್ ಗೆರೆ ತುಳಿದು ಓಡಿಬರದೆ ಹಿಡಿಯುವವರ ನಡುವೆಯೇ ನುಗ್ಗುತ್ತಾನಲ್ಲ, ಹಾಗೆ. ಕೋಚ್ ಮಾಡಿದ ತೀರ್ಮಾನವನ್ನು ಹುಚ್ಚು ಸಾಹಸವೆನ್ನಲು ನಾನು ಒಪ್ಪುವುದಿಲ್ಲ. ತನ್ನ ಬಲ ಎಷ್ಟೆಂದು ತಿಳಿದವನ ಲೆಕ್ಕಾಚಾರ ಅದು.

ಮುಂದಿನ ಮೂರು ಸೆಕೆಂಡುಗಳನ್ನು ನಾನು ನಿಧಾನಗತಿಯಲ್ಲಿ ನೋಡುತ್ತೇನೆ. ಜಬ್ರಾನ್ಸ್ಕಿ ಬಲಕ್ಕೆ ತಿರುಗಿ, ಅಲ್ಲಿ ನಿಂತ ಮೂವರ ಕಡೆಗೆ ಬಲಗೈ ಎತ್ತಿ ಎಸೆದಂತೆ ಮಾಡುತ್ತಾನೆ. ಆ ಕೈ ಖಾಲಿ. ಚೆಂಡು ಬೆನ್ನ ಹಿಂದೆ ಎಡಗೈಯಲ್ಲಿದೆ. ಇಯಾನ್ ಜಾನ್ಸನ್ ಅದನ್ನು ಎತ್ತಿಕೊಂಡು ಎಡಕ್ಕೆ ಓಡುತ್ತಾನೆ, ಓಕ್ಲಹೋಮದವರು ಬಲಕ್ಕೆ ವಾಲಿದ್ದಾರೆ. 43-42. ಇದೇನೂ ಹೊಸ ಉಪಾಯವಲ್ಲ, ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ’ ಎಂಬ ಹಳೆಯ ತಂತ್ರ. ಆದರೆ ಹನ್ನೊಂದೂ ಜನ ಸುಳ್ಳು ಎಸೆತವನ್ನು ನಿಜವೆಂದೇ ನಂಬಿಸಿದರಷ್ಟೇ ಅದು ನಡೆಯುತ್ತದೆ.

ಈ ಜಾನ್ಸನ್ ಬಿಡುವಿನಲ್ಲಿ ಕ್ರೋಷಾ ಕಡ್ಡಿ ಹಿಡಿದು ಟೋಪಿ ಹೆಣೆಯುತ್ತಿದ್ದ ಹುಡುಗ. ಪಂದ್ಯ ಮುಗಿದ ಕೂಡಲೇ ಟಿವಿ ಕ್ಯಾಮೆರಾ ಎದುರಿಗೇ ಮಂಡಿಯೂರಿ, ಚಿಯರ್‌ಲೀಡರ್ ಆಗಿದ್ದ ಗೆಳತಿಗೆ ಮದುವೆಯಾಗುತ್ತೀಯಾ ಎಂದು ಕೇಳಿದ. ಆಕೆ ಒಪ್ಪಿದಳು, ಅದೇ ವರ್ಷ ಮದುವೆಯೂ ಆಯಿತು.

ನನಗೆ ಇಂದಿಗೂ ಸಮಾಧಾನವಾಗದ ಸಂಗತಿ ಬೇರೆ. ಆ ಋತುವಿನಲ್ಲಿ ಮೇಲ್ದರ್ಜೆಯ ತಂಡಗಳಲ್ಲಿ ಒಂದೂ ಪಂದ್ಯ ಸೋಲದೆ ಉಳಿದದ್ದು ಬಾಯ್ಸಿ ಒಂದೇ, 13ಕ್ಕೆ 13. ಆದರೂ ಪಟ್ಟಕ್ಕಾಗಿ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಒಂದು ಪಂದ್ಯ ಸೋತಿದ್ದ ಫ್ಲಾರಿಡಾ ಓಹಾಯೋ ಸ್ಟೇಟನ್ನು 41-14ರಿಂದ ಸೋಲಿಸಿ ಚಾಂಪಿಯನ್ ಆಯಿತು. ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಬಾಯ್ಸಿಗೆ ಐದನೆಯ ಸ್ಥಾನ. ಗೆದ್ದವರನ್ನು ಮೈದಾನದ ಹೊರಗೆ ಹೀಗೆ ತೂಗಿದ್ದು ಅನ್ಯಾಯವೇ. 2014ರ ಋತುವಿನಿಂದ ನಾಲ್ಕು ತಂಡಗಳ ಪ್ಲೇಆಫ್ ಬಂದಾಗಲೂ ಬಾಯ್ಸಿ ಹೊರಗೇ ಉಳಿಯಿತು. 2024ರಲ್ಲಿ ಅದು 12 ತಂಡಗಳಿಗೆ ಹಿಗ್ಗಿದ ಮೇಲಷ್ಟೇ ಬಾಯ್ಸಿಗೆ ಅದರೊಳಗೆ ಜಾಗ ಸಿಕ್ಕಿತು.